ಮುನಿಲಕ್ಷ್ಮಮ್ಮನ ಹೊಲಿಗೆ ಮೆಷಿನ್

ಸಾರಕ್ಕಿ
೮ ಜೂನ್ ೨೦೨೫

ಮಧುಶ್ರೀಗೆ,

ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಯುಗಾದಿಯ ದಿನ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ದೇನೆ. ಬರೆಯುವುದಿಲ್ಲ ಎಂದು ಮಾಡಿಲ್ಲ. ಅದಕ್ಕೇ ಈ ಕಾಗದ. ವಾಟ್ಸಾಪಿನಲ್ಲಿ ಹಾಕಬಹುದಿತ್ತು. ಆದರೆ ಅದರಲ್ಲಿ ನೀನು ತಕ್ಷಣ ಒಂದು ಹೇಳುತ್ತೀಯ, ನಾನು ತಕ್ಷಣ ಎರಡು ಹೇಳುತ್ತೇನೆ, ಅದು ಮಾತಾಡಿದ ಹಾಗೇ ಆಯಿತು. ದೇವರಿಗೆ ಮೋಸ ಮಾಡುವ ವಯಸ್ಸಲ್ಲ ನನ್ನದು.

ನಿನ್ನೆ ಜೆ.ಪಿ. ನಗರದ ಒಂದು ಬೊಟೀಕಿನಲ್ಲಿ ಮೋಟಾರಿನ ಹೊಲಿಗೆ ಮೆಷಿನ್ ರಿಪೇರಿ ಇತ್ತು. ಮುಗಿಸಿಕೊಂಡು ಎದುರಿನ ಕೆಫೆಗೆ ಕಾಫಿ ಕುಡಿಯಲು ಹೋದೆ. ಕೂತು ಮುಂದಿನ ಟೇಬಲ್ ನೋಡಿದೆ. ಮೇಲೆ ಗಾಜು, ಕೆಳಗೆ ಹೊಲಿಗೆ ಮೆಷಿನ್ನಿನ ಬೀಡುಕಬ್ಬಿಣದ ಸ್ಟ್ಯಾಂಡು. ಇಂಥವು ಈಗ ಊರ ತುಂಬಾ ಇವೆ, ಅದು ನನಗೂ ಗೊತ್ತು. ಆದರೆ ಈ ಸ್ಟ್ಯಾಂಡಿನ ಎಡಗಾಲಿನ ಬಳ್ಳಿ ಚಿತ್ತಾರದಲ್ಲಿ ಒಂದು ಎಲೆ ಮುರಿದಿತ್ತು. ಸೀದಾ ಹೋಗಿ ಟೇಬಲ್ ಕೆಳಗೆ ಬಗ್ಗಿದೆ. ಒಂದು ಹುಡುಗಿ ಪೆಡಲ್ ಮೇಲೆ ಬೂಟುಗಾಲು ಇಟ್ಟು ಫೋನಿನಲ್ಲಿ ಮಾತಾಡುತ್ತಾ ಅಲ್ಲಾಡಿಸುತ್ತಿದ್ದಳು. "ಏನ್ ಅಂಕಲ್ ಮಾಡ್ತಿದೀರಾ?" ಎಂದು ಕಿರುಚಿದಳು. ಮ್ಯಾನೇಜರ್ ಬಂದ. ನಾನು ಅಷ್ಟರಲ್ಲಿ ಪೆಡಲ್ ಅಡಿಗೆ ಬೆರಳಾಡಿಸಿ ನೋಡಿದ್ದೆ. ಮೂರು ಚುಕ್ಕಿ. ನಾನೇ ಪಂಚ್ ಹೊಡೆದ ಮೂರು ಚುಕ್ಕಿ.

ನಿಮ್ಮಮ್ಮನ ಮೆಷಿನ್ ಅದು. ಮೂವತ್ತೆಂಟು ವರ್ಷ ಒಂದೇ ಜಾಗದಲ್ಲಿ, ಕಿಟಕಿ ಪಕ್ಕ ಇದ್ದ ಮೆಷಿನ್. ನಾನು ಶಿವರಾತ್ರಿಗೆ ಧರ್ಮಸ್ಥಳಕ್ಕೆ ಹೋಗಿ ಬರುವಷ್ಟರಲ್ಲಿ ನೀನು ಬಂದು ಬಿಚ್ಚಿ, ಚೂರು ಚೂರು ಮಾಡಿ ಮಾರಿಬಿಟ್ಟೆ. ಯಾಕೆ ಎಂದು ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ. ಹಳೆ ಮೆಷಿನ್ ಬಿಚ್ಚಿ ಮಾರುವುದು ನಿನ್ನ ವ್ಯಾಪಾರ, ಸರಿ. ಆದರೆ ಕಸಾಯಿಯವನೂ ಮನೆಯ ಹಸುವನ್ನು ಬಿಡುತ್ತಾನೆ.

ಇದನ್ನು ನಿಮ್ಮಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳಿಗೆ ಓದಲು ಬರದಿರುವುದು ಒಂದು ಅನುಕೂಲ.

ನಿನ್ನ ತಂದೆ,
ಬೈರಣ್ಣ


ವಸಂತಪುರ
೧೪ ಜೂನ್ ೨೦೨೫

ಅಪ್ಪನಿಗೆ ನಮಸ್ಕಾರ.

ಅಮ್ಮ ಕಾಗದವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. "ನಿಮ್ಮಪ್ಪ ಬರ್ದವ್ರೆ, ಬೈದಿರ್ತಾರೆ, ಓದ್ಕೊ" ಅಂದಳು. ಓದಿದೆ. "ಏನಂತೆ?" ಅಂತ ಕೇಳಿದಳು. ಬೈದಿದ್ದಾರೆ ಅಂದೆ. ನಕ್ಕಳು.

ಅಪ್ಪ, ನನ್ನ ಕೆಲಸವನ್ನು ಕಸಾಯಿ ಕೆಲಸ ಅಂತ ನೀವು ಅಂದಿದ್ದು ಇದು ಮೊದಲ ಸಲವಲ್ಲ. ಗುಜರಿಯಲ್ಲಿ ಮಳೆಗೆ ಬಿದ್ದಿರುವ ಕಾಲುಮೆಷಿನ್ ತರುತ್ತೇನೆ. ವಾರಗಟ್ಟಲೆ ಡೀಸೆಲ್‌ನಲ್ಲಿ ನೆನೆಹಾಕಿ ಒಂದೊಂದೇ ಸ್ಕ್ರೂ ಬಿಡಿಸುತ್ತೇನೆ. ಹೋದ ತಿಂಗಳು ಧಾರವಾಡದ ಒಬ್ಬ ಅಜ್ಜಿಗೆ ಒಂದು ಷಟಲ್ ಕಳಿಸಿದೆ. ಅದೊಂದು ಇಲ್ಲದೆ ಹನ್ನೆರಡು ವರ್ಷದಿಂದ ಆಕೆಯ ಮೆಷಿನ್ ಮೂಲೆ ಸೇರಿತ್ತಂತೆ. ಸತ್ತವರ ಕಣ್ಣು ತೆಗೆದು ಬದುಕಿರುವವರಿಗೆ ಹಾಕುವುದಿಲ್ಲವೇ? ನಾನು ಮಾಡುವುದೂ ಅದೇ.

ಅಮ್ಮನ ಮೆಷಿನ್ ಬಗ್ಗೆ ನಾನು ಏನೂ ಹೇಳುವುದಿಲ್ಲ. ತಪ್ಪು ನನ್ನದೇ ಅಂತ ಇಟ್ಟುಕೊಳ್ಳಿ. ಕೆಫೆಯಲ್ಲಿ ಆ ಸ್ಟ್ಯಾಂಡು ಯಾರಿಗೂ ತೊಂದರೆ ಕೊಡುತ್ತಿಲ್ಲ, ಅಲ್ಲೇ ಇರಲಿ ಬಿಡಿ.

ಇಂತಿ,
ಮಧು


ಸಾರಕ್ಕಿ
೬ ಜುಲೈ ೨೦೨೫

ಮಧುಶ್ರೀಗೆ,

ಸ್ಟ್ಯಾಂಡು ತಂದೆ. ಅದಕ್ಕಿಂತ ಚೆನ್ನಾಗಿರುವ ಇನ್ನೊಂದನ್ನು ಕೆಫೆಗೆ ಹೊತ್ತುಕೊಂಡು ಹೋಗಿ ಕೊಟ್ಟು, ಇದನ್ನು ಬದಲಾಯಿಸಿಕೊಂಡೆ. ಮ್ಯಾನೇಜರ್ ನನ್ನನ್ನು ಹುಚ್ಚ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಈಗ ಗುಟ್ಟಿನ ವಿಷಯ. ಮೆಷಿನ್ನನ್ನು ಮತ್ತೆ ಜೋಡಿಸುತ್ತೇನೆ. ಬೇರೆ ಮೆಷಿನ್ನಿನ ಭಾಗ ಹಾಕಿ ಅಲ್ಲ, ಅದೇ ಮೆಷಿನ್ನಿನ ಅದದೇ ಭಾಗ. ಎಲ್ಲದಕ್ಕೂ ನನ್ನ ಚುಕ್ಕಿ ಇದೆ, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಆಯುಧಪೂಜೆಗೆ ಕಿಟಕಿ ಪಕ್ಕ ತಂದಿಟ್ಟು, ಅರಿಶಿನ ಕುಂಕುಮ ಹಚ್ಚಿ ನಿಮ್ಮಮ್ಮನನ್ನು ಕರೆಯುತ್ತೇನೆ. ಅವಳಿಗೆ ನೀನು ಉಸಿರೂ ಬಿಡಬಾರದು.

ಮೆಷಿನ್ ಹೋದಾಗಿನಿಂದ ಅವಳು ಅವಳಾಗಿಲ್ಲ. ಮಧ್ಯಾಹ್ನ ಕಿಟಕಿ ಹತ್ತಿರ ಸುಮ್ಮನೆ ಕೂತಿರುತ್ತಾಳೆ. ಕೈಯಲ್ಲಿ ಕೆಲಸವಿಲ್ಲ. ಸಂಜೆಯಾದರೆ ಯಾರದೋ ಜೊತೆ ಪುಟ್ಟೇನಹಳ್ಳಿ ಕೆರೆ ಸುತ್ತಲು ಹೊರಟುಬಿಡುತ್ತಾಳೆ. ಮನೆಯಲ್ಲಿರಲು ಆಗದೆ ಹಾಗೆ ತಿರುಗುತ್ತಿದ್ದಾಳೆ, ಪಾಪ. ನೋಡಲಾಗುವುದಿಲ್ಲ.

ಆ ಮೆಷಿನ್ ಏನೆಂದು ನಿನಗೆ ಗೊತ್ತಿಲ್ಲ. ೧೯೯೬ರಲ್ಲಿ ಗೌರಿಹಬ್ಬಕ್ಕೆ ಎರಡು ದಿನ ಇದ್ದಾಗ ಬೆಲ್ಟ್ ತುಂಡಾಯಿತು. ಊಟ ಬಿಟ್ಟು ಚಿಕ್ಕಪೇಟೆಗೆ ಓಡಿ ಚರ್ಮದ ಬೆಲ್ಟ್ ತಂದೆ, ಸಂಜೆ ಹೊತ್ತಿಗೆ ಅವಳು ಹೊಲಿಯುತ್ತಿದ್ದಳು. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಟೆನ್ಷನ್ ಸ್ಪ್ರಿಂಗ್ ಕಾಣೆಯಾಯಿತು. ಊರಲ್ಲೆಲ್ಲೂ ಸಿಗಲಿಲ್ಲ. ಪೆನ್ನಿನ ಸ್ಪ್ರಿಂಗ್ ಬಿಡಿಸಿ, ಬಗ್ಗಿಸಿ ಕೂರಿಸಿದೆ. ೨೦೦೯ರಲ್ಲಿ ಒಳಗೆಲ್ಲಾ ತುಕ್ಕು ಹಿಡಿದಾಗ ಮೂರು ದಿನ ಸೀಮೆಎಣ್ಣೆಯಲ್ಲಿ ತಿಕ್ಕಿದೆ. ಅಂಗಡಿಗೆ ಬರುವವರಿಗೆಲ್ಲಾ ಹೇಳುತ್ತಿದ್ದೆ, ನನ್ನ ಹೆಂಡತಿಯ ಮೆಷಿನ್ ಒಂದು ಪೂರ್ತಿ ದಿನ ನಿಂತಿದ್ದೇ ಕಡಿಮೆ ಎಂದು. ನಾನು ಅವಳಿಗೆ ಒಡವೆ ಮಾಡಿಸಲಿಲ್ಲ, ಊರೂರು ತಿರುಗಿಸಲಿಲ್ಲ. ಆದರೆ ಆ ಮೆಷಿನ್ ಕೆಟ್ಟು ಕೂರಲು ಬಿಡಲಿಲ್ಲ. ಇಷ್ಟು ಮಾತ್ರ ನಾನು ಎದೆ ತಟ್ಟಿ ಹೇಳುತ್ತೇನೆ.

ತಲೆ ಯಾರಿಗೆ ಮಾರಿದೆ, ಚಕ್ರ ಯಾರಿಗೆ, ಷಟಲ್ ಯಾರಿಗೆ? ಪಟ್ಟಿ ಬರೆದು ಕಳಿಸು.

ಬೈರಣ್ಣ


ವಸಂತಪುರ
೯ ಜುಲೈ ೨೦೨೫

ಅಪ್ಪ,

ನಿಮ್ಮ ಕಾಗದ ಓದಿದೆ. ಅಮ್ಮ ಎದುರಿಗೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಇದನ್ನು ಅವಳೇ ತಂದಿದ್ದಳಲ್ಲ! "ಮುಖ ಯಾಕೆ ಹಂಗಾಯ್ತು?" ಅಂತ ಕೇಳಿದಳು. ಬಾಯಿಗೆ ಬಂದ ಸುಳ್ಳು ಹೇಳಿದೆ.

ದಯವಿಟ್ಟು ಬೇಡ. ಪಟ್ಟಿ ನಾನು ಕೊಡುವುದಿಲ್ಲ. ಆ ಮೆಷಿನ್ ಜೋಡಿಸಬೇಡಿ. ಜೋಡಿಸಲೇಬೇಕು ಅಂತಿದ್ದರೆ ಮೊದಲು ಅಮ್ಮನನ್ನು ಒಂದು ಮಾತು ಕೇಳಿ. ಮೆಷಿನ್ ವಾಪಸ್ ಬೇಕಾ ಅಂತ. ಇಷ್ಟೇ ಕೇಳಿ. ಉತ್ತರ ಹೇಳುವಾಗ ಅವಳ ಮುಖ ನೋಡಿ.

ಕಿಟಕಿ ಹತ್ತಿರ ಸುಮ್ಮನೆ ಕೂತಿರುವವರೆಲ್ಲಾ ದುಃಖದಲ್ಲಿರುವುದಿಲ್ಲ ಅಪ್ಪ.

ಮಧು


ಸಾರಕ್ಕಿ
೧೭ ಆಗಸ್ಟ್ ೨೦೨೫

ಮಧುಶ್ರೀಗೆ,

ನೀನು ಪಟ್ಟಿ ಕೊಡದಿದ್ದರೆ ಬೈರಣ್ಣ ಕೈಕಟ್ಟಿ ಕೂರುತ್ತಾನೆ ಎಂದುಕೊಂಡೆಯಾ? ಇಂಟರ್ನೆಟ್ಟಿನ ನಿನ್ನ ವ್ಯಾಪಾರದ ಪೇಜಿನಲ್ಲಿ ಮಾರಿದ ಪ್ರತಿಯೊಂದರ ಫೋಟೋ, ಕೊಂಡವರ ಊರು ಇದೆ. ಪಕ್ಕದ ಝೆರಾಕ್ಸ್ ಅಂಗಡಿಯ ಸುನಿತಾಗೆ ಹೇಳಿ ಎಲ್ಲಾ ದೊಡ್ಡದು ಮಾಡಿಸಿ ನೋಡಿದೆ. ಚಕ್ರ ಹೊಸೂರಿನಲ್ಲಿ ಸಿಕ್ಕಿತು. ಬಾಬಿನ್ ಸುತ್ತುವ ಸಾಮಾನು ತುಮಕೂರಿನಲ್ಲಿ. ಮೆಷಿನ್ನಿನ ತಲೆ ಎಲ್ಲಿತ್ತು ಗೊತ್ತೇ? ಇಲ್ಲೇ, ಜಯನಗರದಲ್ಲಿ! ಬದರಿನಾಥ ಎಂದು ಒಬ್ಬ ರಿಟೈರ್ಡ್ ಎಂಜಿನಿಯರು. ಗಾಜಿನ ಬೀರುವಿನಲ್ಲಿ ಇಟ್ಟಿದ್ದರು. ಅವರ ಹತ್ತಿರ ಇದ್ದ ಇನ್ನೂ ಆರು ಮೆಷಿನ್ ತಿರುಗುತ್ತಿರಲಿಲ್ಲ. ಆರನ್ನೂ ತಿರುಗಿಸಿಕೊಟ್ಟೆ. ಹದಿನೆಂಟು ದಿನ ಹಿಡಿಯಿತು. ಕೊನೆಗೆ ಅವರೇ, "ತೊಗೊಂಡ್ಹೋಗಿ ಬೈರಣ್ಣೋರೆ, ಇದು ನಿಮ್ಮ ಮನೇದು" ಎಂದು ಆಟೋಗೆ ಹತ್ತಿಸಿ ಕಳಿಸಿದರು. ದೊಡ್ಡ ಮನುಷ್ಯ.

ನೀನು ಹೇಳಿದ ಹಾಗೆ ನಿಮ್ಮಮ್ಮನನ್ನು ಕೇಳಲಿಲ್ಲ. ಕೇಳಿದರೆ ಗುಟ್ಟು ಎಲ್ಲಿ ಉಳಿಯಿತು?

ಇನ್ನೊಂದು ಸಂತೋಷದ ಸುದ್ದಿ. ನಾಲ್ಕನೇ ಬ್ಲಾಕಿನ ಸೀತಾಲಕ್ಷ್ಮಿ ಮೇಡಂ ನೆನಪಿರಬೇಕು, ನಿಮ್ಮಮ್ಮನ ಹಳೆಯ ಗಿರಾಕಿ. ಮಗಳ ಮದುವೆ ಕಾರ್ತಿಕದಲ್ಲಂತೆ. ನಲವತ್ತು ಸೀರೆಗೆ ಫಾಲ್, ಇಪ್ಪತ್ತೆಂಟು ಬ್ಲೌಸು. "ಮುನಿಲಕ್ಷ್ಮಮ್ಮನ ಕೈ ಹೊಲಿಗೇನೇ ಬೇಕು" ಅಂದರು. ನಾನು ಒಪ್ಪಿಕೊಂಡುಬಿಟ್ಟೆ. ಮೆಷಿನ್ ಬಂದ ದಿನವೇ ಕೆಲಸ! ನಿಮ್ಮಮ್ಮನ ಮುಖ ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ಈಗ ಬಾಕಿ ಇರುವುದು ಷಟಲ್ ಒಂದೇ. ದೋಣಿಯ ಹಾಗಿರುವುದು, ಬುಡದಲ್ಲಿ ಮೂರು ಚುಕ್ಕಿ. ಅದರ ಫೋಟೋ ನಿನ್ನ ಪೇಜಿನಲ್ಲಿ ಇಲ್ಲ. ಅಂದರೆ ಮಾರಿಲ್ಲ. ಅಂದರೆ ನಿನ್ನ ಹತ್ತಿರವೇ ಇದೆ. ಷಟಲ್ ಇಲ್ಲದೆ ಕೆಳಗಿನ ದಾರ ಬರುವುದಿಲ್ಲ ಎಂದು ನಿನಗೆ ಹೇಳಿಕೊಡಬೇಕಿಲ್ಲ. ಕಳಿಸಿಕೊಡು.

ಬೈರಣ್ಣ


ಸಾರಕ್ಕಿ
೧೨ ಸೆಪ್ಟೆಂಬರ್ ೨೦೨೫

ಮಧುಶ್ರೀ,

ಇಪ್ಪತ್ತಾರು ದಿನವಾಯಿತು. ಷಟಲ್ ಎಲ್ಲಿ? ತಾಯಿಯ ಹೊಟ್ಟೆಯ ಮೇಲೆ ಹೊಡೆದದ್ದು ಸಾಲದೆ, ಸರಿಮಾಡುವವನ ಕೈಯನ್ನೂ ಹಿಡಿಯುತ್ತೀಯಾ? ನೀನು ಇಷ್ಟು ಕಲ್ಲು ಎಂದು ತಿಳಿದಿರಲಿಲ್ಲ.

ಬೈರಣ್ಣ


ವಸಂತಪುರ
೨೨ ಸೆಪ್ಟೆಂಬರ್ ೨೦೨೫

ಅಪ್ಪ,

ಇದನ್ನು ಅಮ್ಮನ ಕೈಯಲ್ಲಿ ಕಳಿಸಲಿಲ್ಲ, ಸ್ಪೀಡ್‌ಪೋಸ್ಟ್ ಮಾಡಿದ್ದೇನೆ. ತನ್ನ ವಿಷಯವನ್ನು ತಾನೇ ಹೊತ್ತು ತರುವ ಹಾಗೆ ಆಗಬಾರದು ಅಂತ. ಒಬ್ಬರೇ ಇರುವಾಗ, ಕೂತುಕೊಂಡು ಓದಿ.

ಮೆಷಿನ್ ಬಿಚ್ಚಿದ್ದು ನಾನು. ಬಿಚ್ಚಲು ಹೇಳಿದ್ದು ಅಮ್ಮ.

ಶಿವರಾತ್ರಿಯ ಬೆಳಗ್ಗೆ ನೀವು ಬಸ್ಸು ಹತ್ತಿದ ಮೇಲೆ ಫೋನ್ ಮಾಡಿ, ಸ್ಪ್ಯಾನರ್ ಸ್ಕ್ರೂಡ್ರೈವರ್ ಎಲ್ಲಾ ತಗೊಂಡು ಬಾ ಅಂದಳು. ಬಂದೆ. "ಬಿಚ್ಚು" ಅಂದಳು. ತಮಾಷೆ ಅಂದುಕೊಂಡೆ. "ಬಿಚ್ಚು ಮಧು. ಒಂದೊಂದ್ ಊರಿಗೆ ಒಂದೊಂದ್ ಚೂರು ಮಾರ್ಬಿಡು. ನಿಮ್ಮಪ್ಪನ ಕೈಗೆ ನಾಕ್ ಚೂರು ಸಿಕ್ರೆ ಸಾಕು, ಜೋಡ್ಸ್ಬಿಡ್ತಾರೆ." ಇಂಥ ಒಳ್ಳೆ ಮೆಷಿನ್ ಯಾಕಮ್ಮ ಅಂತ ಕೇಳಿದೆ. ಆಗ ಅವಳು ಸೀರೆ ಮೊಣಕಾಲಿನ ತನಕ ಎತ್ತಿ ತೋರಿಸಿದಳು. ಬಲಗಾಲಿನ ಕೀಲು ಬದನೆಕಾಯಿಯ ಹಾಗೆ ಊದಿತ್ತು. ಎಷ್ಟು ವರ್ಷದಿಂದ ಅಂದೆ. "ನೀನ್ ಹುಟ್ಟಿದ್ಮೇಲಿಂದ" ಅಂದಳು.

ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ. ಹೇಳುವ ಬಾಯಿ ಎಲ್ಲಿ ಇಟ್ಟಿದ್ದರು ನಿಮ್ಮಪ್ಪ ಅಂದಳು. ನೀವು ಊರಿಗೆಲ್ಲಾ ಅವಳ ಮೆಷಿನ್ ನಿಲ್ಲುವುದೇ ಇಲ್ಲ ಅಂತ ಹೇಳಿಕೊಂಡು ಬರುತ್ತಿದ್ದಿರಿ. ಗಿರಾಕಿಗಳನ್ನೂ ನೀವೇ ಒಪ್ಪಿಕೊಂಡು ಬರುತ್ತಿದ್ದಿರಿ. ಮನೆ ಮುಂದೆ ಕಟ್ಟಿಸಿದ ಮಳಿಗೆಗಳ ಬಾಡಿಗೆ ಬರಲು ಶುರುವಾದ ಮೇಲೂ, ಕಲಿತ ಕೈ ಸುಮ್ಮನಿರಬಾರದು ಅಂದಿರಿ. ವರ್ಷಕ್ಕೆ ಒಂದು ದಿನ, ಆಯುಧಪೂಜೆಗೆ, ಹೂವು ಹಾಕಿ ಮೆಷಿನ್‌ಗೆ ರಜ ಕೊಡುತ್ತಿದ್ದಿರಿ. ಅವತ್ತು ಅಮ್ಮ ಇಪ್ಪತ್ತು ಜನಕ್ಕೆ ಹೋಳಿಗೆ ತಟ್ಟುತ್ತಿದ್ದಳು.

ಇನ್ನೊಂದು ಇದೆ. ಇದನ್ನು ಬರೆಯಬೇಕೋ ಬೇಡವೋ ಅಂತಲೇ ಇಷ್ಟು ದಿನ ತಡವಾಗಿದ್ದು.

ಆ ಮೆಷಿನ್ ತಾನಾಗಿ ಕೆಡುತ್ತಿರಲಿಲ್ಲ ಅಪ್ಪ. ಅಮ್ಮ ಕೆಡಿಸುತ್ತಿದ್ದಳು.

ಗೌರಿಹಬ್ಬದ ಬೆಲ್ಟನ್ನು ಬ್ಲೇಡಿನಲ್ಲಿ ಅರ್ಧ ಕೊಯ್ದಿಟ್ಟಿದ್ದಳು. ಮಾರನೇ ದಿನ ಕನಕಪುರದಲ್ಲಿ ಚಿಕ್ಕಮ್ಮನ ಸೀಮಂತ ಇತ್ತು. ಮೆಷಿನ್ ಕೆಟ್ಟಿದೆ ಅಂದರೆ ಹೋಗಿಬರಬಹುದು ಅಂತ ಲೆಕ್ಕ. ನೀವು ಸಂಜೆಗೇ ಹೊಸ ಬೆಲ್ಟ್ ಹಾಕಿಬಿಟ್ಟಿರಿ. ಹೋಗಲಿಲ್ಲ. ಏಳನೇ ಕ್ಲಾಸಿನಲ್ಲಿ ನನಗೆ ಸೀತಾಳೆ ಸಿಡುಬು ಆಗಿ ಒಂಬತ್ತು ದಿನ ಮಲಗಿದ್ದೆನಲ್ಲ, ಆಗ ಸ್ಪ್ರಿಂಗ್ ಬಿಚ್ಚಿ ಮೋರಿಗೆ ಹಾಕಿದಳು. ನನ್ನ ಪಕ್ಕ ಕೂರೋಣ ಅಂತ. ನೀವು ಪೆನ್ನಿನ ಸ್ಪ್ರಿಂಗ್ ತಂದಿರಿ. ಅದು ನನಗೂ ನೆನಪಿದೆ. ಚಾಪೆ ಮೇಲೆ ಮಲಗಿ ನೋಡುತ್ತಿದ್ದೆ, ನೀವು ಗೆದ್ದವರ ಹಾಗೆ ನಗುತ್ತಿದ್ದಿರಿ, ಅಮ್ಮ ಎದ್ದು ಹೋಗಿ ಪೆಡಲ್ ಮೇಲೆ ಕಾಲಿಟ್ಟಳು. ಎಷ್ಟು ಸಲ ಹೀಗೆ ಮಾಡಿದೆ ಅಂತ ಕೇಳಿದೆ. "ಲೆಕ್ಕ ಇಟ್ಟಿಲ್ಲ ಕಣೇ. ನಾನ್ ಕೆಡ್ಸೋದು, ಅವ್ರು ಮಾಡೋದು. ಅವ್ರಿಗೆ ಅದ್ರಲ್ಲಿ ಎಷ್ಟು ಖುಷಿ ಅಂದ್ರೆ ಬೈಯೋಕೂ ಮನ್ಸು ಬರ್ತಿರ್ಲಿಲ್ಲ" ಅಂದಳು.

ನಾನು ಮಾಡಿಸಿದ್ದು ಅಂತ ಅಪ್ಪನಿಗೆ ಹೇಳಬೇಡ, ತಡ್ಕೊಳಲ್ಲ ಅಂತ ಮಾತು ತೆಗೆದುಕೊಂಡಳು. ಆ ಜಾಗಕ್ಕೆ ಬೇರೆ ಮೆಷಿನ್ ತರುವವರಲ್ಲ, ಆ ಹಠ ನನಗೆ ಗೊತ್ತು ಅಂತಲೂ ಅಂದಳು. ನಾನು ಒಪ್ಪಿಕೊಂಡೆ. ನೀವು ಮುನೇಶ್ವರನ ಮುಂದೆ ಆಣೆ ಮಾಡಿದಾಗಲೂ ಬಾಯಿ ಬಿಡಲಿಲ್ಲ. ಈಗ ಆ ಮಾತು ಮುರಿಯುತ್ತಿದ್ದೇನೆ, ಯಾಕೆಂದರೆ ನೀವು ಅವಳನ್ನು ಮತ್ತೆ ಅದರ ಮುಂದೆ ಕೂರಿಸಲು ಹೊರಟಿದ್ದೀರಿ. ಎಲ್ಲಾ ದೂರದ ಊರಿಗೆ ಮಾರು ಅಂದಿದ್ದಳು. ತಲೆಯನ್ನೂ ಸ್ಟ್ಯಾಂಡನ್ನೂ ಹತ್ತಿರದಲ್ಲೇ ಕೊಟ್ಟಿದ್ದು, ಷಟಲ್ ಇಟ್ಟುಕೊಂಡಿದ್ದು ನನ್ನ ಆಸೆಬುರುಕತನ. ಅವಳ ಕೈ ಸೋಕಿದ್ದು ಹತ್ತಿರ ಇರಲಿ ಅಂತ. ಅದರಿಂದ ಇಷ್ಟಾಯಿತು.

ಮೆಷಿನ್ ಹೋದ ಮೇಲೆ ಅವಳ ಕಾಲಿನ ಊತ ಇಳಿದಿದೆ. ಕೆರೆಯನ್ನು ದಿನಕ್ಕೆ ಎರಡು ಸುತ್ತು ಹಾಕುತ್ತಾಳಂತೆ.

ಷಟಲ್ ಈ ಕವರಿನಲ್ಲೇ ಇದೆ. ಏನು ಮಾಡುತ್ತೀರೋ ನಿಮಗೆ ಬಿಟ್ಟಿದ್ದು.

ಮಧು


ಸಾರಕ್ಕಿ
೫ ಅಕ್ಟೋಬರ್ ೨೦೨೫

ಮಧು,

ಕಾಗದ ಬಂದು ಒಂಬತ್ತು ದಿನವಾಯಿತು. ಮೊದಲ ದಿನ ನಿನ್ನ ಮೇಲೆ ಕೆಂಡದಂಥ ಕೋಪ ಬಂತು. ಸುಳ್ಳು ಹೇಳುತ್ತಿದ್ದೀಯ ಎಂದುಕೊಂಡೆ. ಅಂಗಡಿಯ ಮೂಲೆಯಲ್ಲಿ ಹಳೆಯ ಬೆಲ್ಟುಗಳ ಗಂಟು ಇದೆ, ನಾನು ಏನನ್ನೂ ಎಸೆಯುವವನಲ್ಲ. ಹುಡುಕಿ ಆ ಬೆಲ್ಟ್ ತೆಗೆದೆ. ಅರ್ಧ ನೀಟಾಗಿ ಕೊಯ್ದಿದೆ, ಇನ್ನರ್ಧ ಹರಿದಿದೆ. ಐವತ್ತು ವರ್ಷದಿಂದ ಮೆಕ್ಯಾನಿಕ್ಕು ನಾನು. ಅವತ್ತೂ ಇದೇ ಬೆಲ್ಟ್ ನನ್ನ ಕೈಯಲ್ಲಿತ್ತು. ಅವತ್ತು ಕಾಣಲಿಲ್ಲ.

ನಿಮ್ಮಮ್ಮನನ್ನು ಕೇಳುವ ಧೈರ್ಯ ಬರಲಿಲ್ಲ. ಮೆಷಿನ್ ಅಂಗಡಿಯಲ್ಲೇ ಇರಲಿ, ಸುದ್ದಿಯೇ ಬೇಡ ಎಂದು ಗೋಣಿ ಹೊದಿಸಿಟ್ಟೆ. ಆದರೆ ಸೀತಾಲಕ್ಷ್ಮಿ ಮೇಡಂಗೆ ಬೇಡವೆಂದು ಹೇಳುವುದನ್ನು ಮರೆತೆ ನೋಡು. ಆಯುಧಪೂಜೆಯ ಹಿಂದಿನ ದಿನ ಕಾರಿನಲ್ಲಿ ಮೂರು ಗಂಟು ಬಟ್ಟೆ ತಂದು ಮನೆಯ ಜಗಲಿಯ ಮೇಲೆ ಇಳಿಸಿದರು. "ಮುನಿಲಕ್ಷ್ಮಮ್ಮ, ನಿಮ್ಮ ಮೆಷಿನ್ ರೆಡಿಯಾಯ್ತಂತಲ್ಲ, ಯಜಮಾನ್ರು ಹೇಳಿದ್ರು!" ಅಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನಿಮ್ಮಮ್ಮ ಗಂಟುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮೇಡಂ ಕಡೆ ತಿರುಗಿ ನಕ್ಕಳು. "ಆಯ್ತಮ್ಮ, ಹೊಲ್ಕೊಡ್ತೀನಿ" ಅಂದಳು.

ಮಧು, ಆ ನಗುವನ್ನು ನಾನು ಮೂವತ್ತೆಂಟು ವರ್ಷ ಸಂತೋಷ ಎಂದುಕೊಂಡಿದ್ದೆ. ನೀನು ಮುಖ ನೋಡಿ ಎಂದು ಬರೆದಿದ್ದೆ. ಅವತ್ತು ನೋಡಿದೆ.

ಮೇಡಂ ಹೋದ ಮೇಲೆ ಎಲ್ಲಾ ಹೇಳಿದೆ. ನೀನು ಬರೆದದ್ದೂ ಹೇಳಿದೆ. ತಪ್ಪಾಯ್ತು ಅಂದೆ, ಬಾಯಿ ಬಿಟ್ಟು ಅಂದೆ. ಅವಳು ಅಳಲಿಲ್ಲ. "ಬೆಲ್ಟ್ ನಾನು. ಸ್ಪ್ರಿಂಗ್ ನಾನು. ತುಕ್ಕು ಮಾತ್ರ ನಾನಲ್ಲ, ಅದು ಸೂರು ಸೋರಿದ್ದು" ಅಂದಳು. ಎದ್ದು ಒಳಗೆ ಹೋಗಿ ಅಕ್ಕಿಗೆ ನೀರಿಟ್ಟಳು.

ನಾನು ಬ್ಲೌಸುಗಳನ್ನು ವಾಪಸು ಮಾಡಿದೆ, ಅದು ನನಗೆ ಬರುವುದಿಲ್ಲ. ಫಾಲ್ ನೇರ ಹೊಲಿಗೆ. ಒಪ್ಪಿಕೊಂಡವನು ನಾನು, ನಾನೇ ಹೊಲಿಯುತ್ತೇನೆ ಅಂದೆ.

ಇನ್ನು ನಿನ್ನ ವಿಷಯ. ನಿನಗೆ ನಾನು ಮಾಡಿದ್ದು ಅನ್ಯಾಯ. ಆಣೆ ಬಿಡಿಸಿಕೊಳ್ಳಲು ಏನು ಮಾಡಬೇಕೆಂದು ಮುನೇಶ್ವರನ ಪೂಜಾರಿಯನ್ನು ಕೇಳಿದೆ. ಒಂದು ತೆಂಗಿನಕಾಯಿ ಸಾಕು ಅಂದ. ಆರು ತಿಂಗಳ ಮೌನಕ್ಕೆ ಒಂದು ತೆಂಗಿನಕಾಯಿ! ಒಡೆಸಿದ್ದೇನೆ. ಬಂದು ಹೋಗು. ನೀನೂ ನಿಮ್ಮಮ್ಮನೂ ಸೇರಿ ನನ್ನನ್ನು ಏನು ಬೈಯಬೇಕೋ ಬೈಯಿರಿ.

ಮೊನ್ನೆ ಶುಕ್ರವಾರ, ಮೆಷಿನ್ನಿಗೆ ಷಟಲ್ ಹಾಕಿ ಅಂಗಡಿಯಿಂದ ಮನೆಗೆ ತಂದು, ತಿಂಡಿ ಮುಗಿಸಿ ಅದರ ಮುಂದೆ ಕೂತೆ. ನಾನು ಇಷ್ಟು ವರ್ಷದಲ್ಲಿ ಯಾವ ಮೆಷಿನ್ನನ್ನೂ ಟ್ರಯಲ್ಲಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ತುಳಿದವನಲ್ಲ. ಮೂರನೇ ಸೀರೆಗೆ ಸೊಂಟ ಹಿಡಿಯಿತು. ಆರನೆಯದಕ್ಕೆ ಮೀನಖಂಡ ಕಲ್ಲಾಯಿತು. ನಿಮ್ಮಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಾಕು ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಊಟ ಬಡಿಸಿದಳು, ಊಟವಾದ ಮೇಲೆ ಏಳನೇ ಸೀರೆ ಮಡಿಕೆ ಬಿಡಿಸಿ ಕೊಟ್ಟಳು.

ಹನ್ನೊಂದನೆಯದು ಅರ್ಧಕ್ಕೆ ಬಂದಾಗ ಬಲಗಾಲು ನನ್ನದಲ್ಲ ಅನ್ನಿಸಿತು. ಅವಳು ಆ ಕಡೆ ತಿರುಗಿದ್ದಾಗ ಸೂಜಿಯ ಸ್ಕ್ರೂ ಸಡಿಲ ಮಾಡಿ ತುಳಿದೆ. ಸೂಜಿ ಪಟ್ ಎಂದು ಮುರಿಯಿತು. "ಅಯ್ಯೋ, ಕೆಟ್ಟೋಯ್ತಲ್ಲ" ಅಂದೆ. ಇಷ್ಟು ವರ್ಷ ಅವಳ ಬಾಯಿಂದ ಕೇಳಿದ್ದ ಮಾತು ನನ್ನ ಬಾಯಿಂದ ಬಂತು.

ನಿಮ್ಮಮ್ಮ ಎದ್ದು ಬಂದಳು. ಮುರಿದ ಸೂಜಿ ನೋಡಿದಳು, ಸ್ಕ್ರೂ ನೋಡಿದಳು. ಕೋಪವಿಲ್ಲ, ನಗುವಿಲ್ಲ. ಖಾನೆ ಎಳೆದು ಹೊಸ ಸೂಜಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಹೋಗಿ ಮತ್ತೆ ಕುರ್ಚಿಯಲ್ಲಿ ಕೂತಳು.

ನಾನು ಸೂಜಿ ಹಾಕಿಕೊಂಡೆ.

ನಿನ್ನ ಅಪ್ಪ,
ಬೈರಣ್ಣ